ಮೀಸಲು ಹಲಗೆ

ಬೈಲಹೊಂಗಲ
12 ನವೆಂಬರ್ 1973

ಪರಪ್ಪಾ,

ನಾವು ಆರಾಮ, ನೀನೂ ಆರಾಮ ಇರಬೇಕು. ಕ್ಷೇಮ ಸಮಾಚಾರ ಇಲ್ಲಿಗೆ ಮುಗಿಯಿತು. ಇದಕ್ಕಿಂತ ಹೆಚ್ಚು ಬರೆಯಲು ನನಗೆ ತಾಳ್ಮೆ ಇಲ್ಲ.

ನೀನು ಮುಂಬಯಿಯಲ್ಲಿ ಪೇಟೆಂಟು ಮಾಡಿಸಿಕೊಡುವವರ ಆಫೀಸಿನಲ್ಲಿ ಇದ್ದೀ ಅಂತ ನಿನ್ನ ತಮ್ಮ ಲಗಮಣ್ಣ ಯರಗಟ್ಟಿ ಸಂತೆಯಲ್ಲಿ ಸಿಕ್ಕಾಗ ಹೇಳಿದ. ಹೈಸ್ಕೂಲಿನಲ್ಲಿ ಒಂದೇ ಬೆಂಚಿನ ಮೇಲೆ ಕೂತವನು ಅಲ್ಲಿದ್ದಾನೆ, ನಾನು ಇಲ್ಲಿ ಗಾಳಿಗೆ ಗುದ್ದಾಡುತ್ತಿದ್ದೇನೆ!

ಸಂಗತಿ ಇಷ್ಟು. ಬಾಯ್ಲರಿನ ಪೈಪಿಗೆ ಸುತ್ತುವ ಕಲ್ಲುಣ್ಣೆ ನೋಡಿದ್ದೀಯಲ್ಲ? ಕಲ್ಲು, ಕಬ್ಬಿಣದ ಕಿಟ್ಟ ಕರಗಿಸಿ ಊದಿ ತೆಗೆದ ಎಳೆ. ನಮ್ಮ ಹತ್ತಿ ಮಿಲ್ಲಿನ ಹಳೇ ಬಾಯ್ಲರು ಬಿಚ್ಚಿದಾಗ ಅದರದೊಂದು ರಾಶಿ ಬಿತ್ತು. ಮುಟ್ಟಿದರೆ ಮೈಯೆಲ್ಲ ತುರಿಕೆ. ಆದರೆ ಆ ರಾಶಿಯ ಹಿಂದೆ ನಿಂತಾಗ ಮಿಲ್ಲಿನ ಗದ್ದಲ ಅರ್ಧಕ್ಕೆ ಇಳಿದದ್ದು ನನ್ನ ಕಿವಿಗೆ ಬಿತ್ತು. ಅಂದಿನಿಂದ ನಿದ್ದೆ ಹೋಯಿತು. ಕಂಬಳಿ ನೇಯುವ ಮಾಳಪ್ಪ ನೂಲಿಗೆ ಹಾಕುತ್ತಾನಲ್ಲ ಹುಣಸೆ ಬೀಜದ ಗಂಜಿ, ಅದಕ್ಕೆ ಸುಣ್ಣ, ಮೈಲುತುತ್ತ ಬೆರೆಸಿ ಈ ಉಣ್ಣೆಗೆ ಕಲಸಿದೆ. ಹತ್ತಿಯ ಅಂಡಿಗೆ, ಅಂದರೆ ಬೇಲು, ಒತ್ತುವ ಪ್ರೆಸ್ಸಿನಲ್ಲಿ ಒತ್ತಿ ಹಲಗೆ ಮಾಡಿದೆ, ಒಣಗಿದ ಮೇಲೆ ದಬ್ಬಣದಿಂದ ತೂತು ಹೊಡೆದೆ. ತಲೆಯ ಮೇಲಿನ ಛತ್ತಿಗೆ ಬಡಿದರೆ ಮಾರ್ದನಿ ಸತ್ತೇ ಹೋಗುತ್ತದೆ. ಒಳಗೆ ಆಡಿದ ಮಾತು ಒಳಗೇ ಸ್ವಚ್ಛ ಕೇಳುತ್ತದೆ, ಹೊರಗೆ ಸೋರುವುದಿಲ್ಲ.

ರಾಮದುರ್ಗದ ಟಾಕೀಜಿನವರು ಬೇಕು ಅನ್ನುತ್ತಿದ್ದಾರೆ, ಕಿತ್ತೂರಿನಿಂದಲೂ ಕೇಳಿಕೊಂಡು ಬಂದಿದ್ದಾರೆ. ನಾನು ಮಿಲ್ಲಿನ ಕೆಲಸ ಬಿಟ್ಟೆ. ಆದರೆ ಹೋದ ವಾರ ಹುಬ್ಬಳ್ಳಿಯ ಕಂಪನಿಯವನೊಬ್ಬ ನೆಂಟನಂತೆ ಬಂದು ಚಹಾ ಕುಡಿದು, ಹೋಗುವಾಗ ಒಂದು ತುಂಡನ್ನು ಜೇಬಿನಲ್ಲಿ ಇಟ್ಟುಕೊಂಡು ಹೋದ. ಅವರಿಗೆ ದೊಡ್ಡ ಯಂತ್ರ ಇದೆ. ಪೇಟೆಂಟು ನನ್ನ ಹೆಸರಿಗೆ ಆಗದಿದ್ದರೆ ನಾನು ಮುಗಿದೆ. ಏನು ಮಾಡಬೇಕು, ಬೇಗ ಬರೆ.

ನಿನ್ನ
ಮಡಿವಾಳೆಪ್ಪ


ಮುಂಬಯಿ
24 ನವೆಂಬರ್ 1973

ಶ್ರೀ ಮಡಿವಾಳೆಪ್ಪನವರಿಗೆ ಪರಪ್ಪ ಮಾಡುವ ನಮಸ್ಕಾರಗಳು.

ನಿಮ್ಮ ಕಾಗದ ಓದಿ ಸಂತೋಷವಾಯಿತು. ಇಲ್ಲಿ ನಾನು ಬರೀ ಟೈಪಿಸ್ಟು. ಆದರೂ ಸಾಹೇಬರಿಗೆ ವಿವರಿಸಿದೆ. ವಯಸ್ಸಾದ ಪಾರ್ಸಿ ಮನುಷ್ಯ, ಸುಲಭಕ್ಕೆ ಯಾವುದನ್ನೂ ಮೆಚ್ಚುವವರಲ್ಲ. ಹುಣಸೆ ಬೀಜ ಎಂದಾಗ ಕನ್ನಡಕ ತೆಗೆದು ನನ್ನನ್ನು ನೋಡಿದರು. ಅರ್ಜಿ ಹಾಕೋಣ ಎಂದಿದ್ದಾರೆ.

ಒಂದು ಮಾತನ್ನು ಗಮನವಿಟ್ಟು ಓದಿರಿ. ಪೇಟೆಂಟು ಸಿಗುವುದು ಹೊಸದಕ್ಕೆ ಮಾತ್ರ. ಅರ್ಜಿ ಹಾಕುವ ಮೊದಲೇ ನಾಲ್ಕು ಜನರ ನಡುವೆ ಅದರ ಬಳಕೆಯಾಗಿದ್ದರೆ, ಅಥವಾ ಅದರ ಗುಟ್ಟು ಎಲ್ಲಿಯಾದರೂ ಅಚ್ಚಾಗಿದ್ದರೆ, ಕಾಯಿದೆಯ ಕಣ್ಣಿಗೆ ಅದು ಹಳೆಯದು. ಮಾಡಿದವರೇ ಬಳಸಿದ್ದರೂ ಅಷ್ಟೇ. ಆದ್ದರಿಂದ ನಿಮ್ಮ ಹಲಗೆಯನ್ನು ಇದುವರೆಗೆ ಯಾರಿಗಾದರೂ ಕೊಟ್ಟಿದ್ದೀರಾ, ಎಲ್ಲಿಯಾದರೂ ಬಡಿದಿದ್ದೀರಾ, ನೆನಪು ಮಾಡಿಕೊಂಡು ಬರೆಯಿರಿ. ಅರ್ಜಿ ದಾಖಲಾಗುವತನಕ ರಾಮದುರ್ಗದ ಕೆಲಸಕ್ಕೆ ಕೈ ಹಾಕಬೇಡಿರಿ.

ನಮ್ಮ ಹಳ್ಳಿಗೆ ಹೋದಾಗ ನನ್ನ ಅವ್ವನನ್ನು ಕಂಡರೆ ನಾನು ಚೆನ್ನಾಗಿದ್ದೇನೆ ಎಂದು ಹೇಳಿರಿ.

ನಿಮ್ಮ ವಿಶ್ವಾಸಿ
ಪರಪ್ಪ


ಬೈಲಹೊಂಗಲ
3 ಡಿಸೆಂಬರ್ 1973

ಪರಪ್ಪಾ,

ಒಂದು ತುಂಡನ್ನೂ ಮಾರಿಲ್ಲ! ಯಾವ ಟಾಕೀಜಿಗೂ ಬಡಿದಿಲ್ಲ, ಯಾವ ಶಾಲೆಗೂ ಕೊಟ್ಟಿಲ್ಲ. ಬಳಕೆ ಅಂದರೆ ನನ್ನ ಹೆಂಡತಿ ದೇವಕ್ಕ ಪೂರ್ತಿ ಒಣಗದ ಒಂದು ಹಲಗೆಯನ್ನು ರೊಟ್ಟಿ ಬುಟ್ಟಿಗೆ ಮುಚ್ಚಿದ್ದಳು. ಮನೆಮಂದಿಗೆಲ್ಲ ಗಂಟಲು ಕೆರೆಯಿತು. ಅದನ್ನೂ ಬರೆಯಬೇಕೇನು?

ಹುಬ್ಬಳ್ಳಿಯವನು ಮತ್ತೆ ಮಾಳಪ್ಪನ ಹಟ್ಟಿಯ ಕಡೆ ಕಾಣಿಸಿಕೊಂಡನಂತೆ. ನನಗೆ ಕೂತಲ್ಲಿ ಕೂಡಲಾಗುತ್ತಿಲ್ಲ. ಅರ್ಜಿ ಹಾಕಿ ತಾರು ಕಳಿಸು.

ಮಡಿವಾಳೆಪ್ಪ


ಮುಂಬಯಿ
6 ಮಾರ್ಚ್ 1975

ಶ್ರೀ ಮಡಿವಾಳೆಪ್ಪನವರಿಗೆ,

ಆ ಡಿಸೆಂಬರಿನಲ್ಲಿ ಹಾಕಿದ ನಮ್ಮ ಅರ್ಜಿಗೆ ಪೇಟೆಂಟು ಕಚೇರಿಯಿಂದ ತಕರಾರು ಬಂದಿದೆ. ಕಲ್ಲುಣ್ಣೆ ಹಳೆಯದು, ಹುಣಸೆ ಗಂಜಿ ಹಳೆಯದು. ಎರಡನ್ನು ಕಲಸಿದರೆ ಅದು ಬರೀ ಬೆರಕೆ, ಬೆರಕೆಗೆ ಪೇಟೆಂಟು ಇಲ್ಲ ಎನ್ನುತ್ತಾರೆ. ಉತ್ತರ ಕೊಡಬೇಕು. ಎರಡೂ ಕೂಡಿದಾಗ ಬಿಡಿಬಿಡಿಯಾಗಿ ಇರದ ಯಾವ ಗುಣ ಬರುತ್ತದೆ? ಸಾವಕಾಶ ಯೋಚಿಸಿ ಬರೆಯಿರಿ.

ಪರಪ್ಪ


ಬೈಲಹೊಂಗಲ
11 ಮಾರ್ಚ್ 1975

ಪರಪ್ಪಾ,

ಸಾವಕಾಶ ಯೋಚಿಸಲು ನಾನೇನು ಮಠದ ಸ್ವಾಮಿಯೇ? ಆ ಸಾಹೇಬನಿಗೆ ಕೇಳು: ಹಿಟ್ಟು ಹಳೆಯದು, ನೀರು ಹಳೆಯದು, ಬೆಂಕಿ ಹಳೆಯದು. ಹಾಗಾದರೆ ಅವನು ಮುಂಜಾನೆ ಒಂದು ಹಿಡಿ ಹಿಟ್ಟು ಮುಕ್ಕಿ ಮೇಲೆ ನೀರು ಕುಡಿದು ಆಫೀಸಿಗೆ ಬರುತ್ತಾನೇನು, ರೊಟ್ಟಿ ತಿನ್ನುವುದಿಲ್ಲವೇನು?

ಬರಿಯ ಉಣ್ಣೆ ಛತ್ತಿನಲ್ಲಿ ನಿಲ್ಲುವುದಿಲ್ಲ, ಉದುರುತ್ತದೆ, ಕೆಳಗೆ ಕೂತವರು ಕೆರೆದುಕೊಳ್ಳುತ್ತಾರೆ. ಬರಿಯ ಗಂಜಿಯನ್ನು ಹುಳ ತಿನ್ನುತ್ತದೆ. ಬೇರೆ ಅಂಟು ಹಾಕಿದರೆ ಎಳೆಗಳ ನಡುವಿನ ಸಂದು ಮುಚ್ಚಿ ಹಲಗೆ ಕಲ್ಲಾಗುತ್ತದೆ, ಕಲ್ಲು ದನಿ ಹೀರುವುದಿಲ್ಲ. ಈ ಗಂಜಿ ಮಾತ್ರ ಎಳೆಗೆ ಎಳೆ ಮುಟ್ಟುವ ಕಡೆ ಕೂತು ಒಣಗುತ್ತದೆ, ಸಂದು ತೆರೆದೇ ಇರುತ್ತದೆ. ಗಟ್ಟಿಯೂ ಆಯಿತು, ಉದುರುವುದೂ ನಿಂತಿತು, ದನಿಯೂ ಒಳಗೆ ಹೋಗಿ ತಿರುಗಿ ಬರುವುದಿಲ್ಲ. ಇದು ಬೆರಕೆಯಾದರೆ ಅವನ ತಲೆಯೂ ಬೆರಕೆ.

ಕೊನೆಯ ಮಾತನ್ನು ಟೈಪು ಮಾಡಬೇಡ.

ಮಡಿವಾಳೆಪ್ಪ


ಮುಂಬಯಿ
20 ನವೆಂಬರ್ 1975

ಶ್ರೀ ಮಡಿವಾಳೆಪ್ಪನವರಿಗೆ,

ಅರ್ಜಿ ಒಪ್ಪಿಗೆಯಾಗಿ ಗೆಜೆಟ್ಟಿನಲ್ಲಿ ಬಂತು. ರೊಟ್ಟಿಯ ಮಾತನ್ನು ಸಾಹೇಬರು ಇಂಗ್ಲಿಷಿನಲ್ಲಿ ಬ್ರೆಡ್ ಮಾಡಿ ಬರೆಸಿದರು. ಇನ್ನು ನಾಲ್ಕು ತಿಂಗಳೊಳಗೆ ಯಾರಾದರೂ ವಿರೋಧಿಸಬಹುದು. ವಿರೋಧ ಬರದಿದ್ದರೆ ಪೇಟೆಂಟು ನಿಮ್ಮದೇ.

ನಮ್ಮ ಬೈಲಹೊಂಗಲದ ಹೆಸರನ್ನು ಈ ಆಫೀಸಿನ ಕಾಗದದ ಮೇಲೆ ನಾನೇ ಟೈಪು ಮಾಡಿದೆ. ಆ ದಿನ ಜೊತೆಯವರಿಗೆ ಚಹಾ ಕುಡಿಸಿದೆ.

ಪರಪ್ಪ


ಮುಂಬಯಿ
29 ಮಾರ್ಚ್ 1976

ಶ್ರೀ ಮಡಿವಾಳೆಪ್ಪನವರಿಗೆ,

ಹುಬ್ಬಳ್ಳಿಯ ಕಂಪನಿ ಕೊನೆಯ ವಾರದಲ್ಲಿ ವಿರೋಧ ಹಾಕಿದೆ. ಜೊತೆಗೆ ಒಂದು ಪತ್ರಿಕೆಯ ತುಣುಕು ಲಗತ್ತಿಸಿದ್ದಾರೆ. 1972ರ ಶ್ರಾವಣದ್ದು. ನಮ್ಮೂರ ಮಠದ ಪ್ರವಚನ ಮಂಟಪ, ಮೇಲೆ ನಿಮ್ಮ ಹಲಗೆಗಳು, ಕೆಳಗೆ ತುಂಬಿದ ಜನ, ಹಾರ ಹಾಕಿಕೊಂಡು ನೀವು. ಹಲಗೆಯನ್ನು ಯಾವುದರಿಂದ ಮಾಡಿದ್ದು ಎಂದು ಸ್ವಾಮಿಗಳು ಗದ್ದುಗೆಯ ಮೇಲಿಂದ ಹೇಳಿದ್ದೂ ಅದರಲ್ಲಿದೆ, ಮೈಲುತುತ್ತದ ಸಮೇತ.

ಎಲ್ಲಿಯೂ ಬಡಿದಿಲ್ಲ ಎಂದು ನೀವು ಬರೆದುಕೊಟ್ಟಿರಿ. ಅದನ್ನು ನಂಬಿ ನಾನು ಸಾಹೇಬರಿಗೆ ಹೇಳಿದೆ. ಇವತ್ತು ಅವರು ನನ್ನನ್ನು ಎದುರಿಗೆ ನಿಲ್ಲಿಸಿಕೊಂಡು ಆ ತುಣುಕನ್ನು ಓದಿಸಿದರು. ಒಂದು ವರ್ಷದೊಳಗೆ ಅರ್ಜಿ ಹಾಕಿದ್ದರೆ ಅದು ಪರೀಕ್ಷೆಗಾಗಿ ಬಡಿದದ್ದು ಎಂದು ವಾದಿಸಬಹುದಿತ್ತು. ಈಗ ಅದೂ ಇಲ್ಲ. ಯಾಕೆ ಮುಚ್ಚಿಟ್ಟಿರಿ?

ಸಾಹೇಬರು ಒಂದೇ ದಾರಿ ಹೇಳುತ್ತಾರೆ. ಆ ಮಂಟಪ ಸಾರ್ವಜನಿಕವಲ್ಲ, ಎಲ್ಲರಿಗೂ ಅಲ್ಲಿ ಪ್ರವೇಶವಿಲ್ಲ ಎಂದು ತೋರಿಸಬೇಕು. ಅಲ್ಲಿಗೆ ಯಾರು ಬರುತ್ತಾರೆ, ಯಾರು ಬರುವುದಿಲ್ಲ ಎಂಬುದನ್ನು ನೀವೇ ಬರೆಯಿರಿ. ಆ ಬಗ್ಗೆ ನಾನು ಸಾಹೇಬರಿಗೆ ಏನೂ ಹೇಳಿಲ್ಲ.

ಪರಪ್ಪ


ಬೈಲಹೊಂಗಲ
5 ಏಪ್ರಿಲ್ 1976

ಪರಪ್ಪಾ,

ನಾನೇನು ಮುಚ್ಚಿಟ್ಟೆನೋ? ಅದು ಮೀಸಲು! ಹೊಸ ಎಮ್ಮೆ ಈದರೆ ಮೊದಲ ಬೆಣ್ಣೆ ದೇವರಿಗೆ, ಹೊಸ ರಾಶಿಯ ಮೊದಲ ಬುಟ್ಟಿ ದೇವರಿಗೆ. ನನ್ನ ಪ್ರೆಸ್ಸಿನಿಂದ ಬಂದ ಮೊದಲ ಹಲಗೆಗಳನ್ನು ಮಠಕ್ಕೆ ಮೀಸಲು ತೆಗೆದೆ. ಮೀಸಲು ಕೊಡದೆ ಯಾರಾದರೂ ಕಸುಬು ಶುರು ಮಾಡುತ್ತಾರೇನು? ನೀನು ಕೇಳಿದ್ದು ಯಾರಿಗೆ ಕೊಟ್ಟೆ ಅಂತ. ದೇವರಿಗೆ ಕೊಟ್ಟದ್ದನ್ನು ಕೊಟ್ಟೆ ಅಂತ ಲೆಕ್ಕ ಹಿಡಿಯುವುದು ನನಗೆ ಗೊತ್ತಿಲ್ಲ. ಆ ತಗಡಿನ ಮಂಟಪದಲ್ಲಿ ಸ್ವಾಮಿಗಳು ಒಂದು ಮಾತು ಆಡಿದರೆ ನಾಲ್ಕಾಗಿ ಕೇಳುತ್ತಿತ್ತು. ಎರಡನೇ ಸೋಮವಾರ ಛತ್ತಿಗೆ ಹಲಗೆ ಬಡಿದೆ, ಗೋಡೆಗೂ ತಗಡಿಗೂ ನಡುವಿನ ಕಂಡಿಯನ್ನೂ ಮುಚ್ಚಿದೆ. ಸಂಜೆಗೆ ಒಂದೊಂದು ಅಕ್ಷರ ಸ್ವಚ್ಛ.

ಆದರೆ ನಿನ್ನ ಸಾಹೇಬ ಹೇಳಿದ ದಾರಿ ಓದಿ ನನಗೆ ಜೀವ ಬಂತು. ಎಲ್ಲರಿಗೂ ಪ್ರವೇಶವಿಲ್ಲ ಅಂತ ತೋರಿಸಬೇಕು, ಇಷ್ಟೇ ತಾನೆ? ನಿಮ್ಮ ಕೇರಿಯವರನ್ನು ಒಳಗೆ ಬಿಡುವುದಿಲ್ಲ, ನಿನಗೇ ಗೊತ್ತಿದೆಯಲ್ಲ! ಅವರು ಹೊರಗೆ ಬೇವಿನ ಗಿಡದ ಬುಡಕ್ಕೆ ಕೂತು ಕೇಳುತ್ತಾರೆ. ಅದನ್ನೇ ಬರೆ. ನೀನೇ ಸಾಕ್ಷಿ, ನಿನ್ನ ಅವ್ವ ಕೆಂಪವ್ವನೇ ಸಾಕ್ಷಿ. ಇಷ್ಟು ವರ್ಷ ನಿಮ್ಮನ್ನು ಹೊರಗೆ ಕೂಡಿಸಿದ್ದು ಈಗ ನನ್ನ ಕೆಲಸಕ್ಕೆ ಬಂತು ನೋಡು! ಹುಬ್ಬಳ್ಳಿಯವನ ಮುಖಕ್ಕೆ ಹೊಡೆದಂತೆ ಬರೆ.

ನಿನ್ನ
ಮಡಿವಾಳೆಪ್ಪ


ಬೈಲಹೊಂಗಲ
30 ಏಪ್ರಿಲ್ 1976

ಪರಪ್ಪಾ,

ಕಾಗದ ಮುಟ್ಟಿತೋ ಇಲ್ಲವೋ? ಟಪಾಲಿನವನನ್ನು ದಿನಾ ದಾರಿಯಲ್ಲೇ ತಡೆಯುತ್ತೇನೆ. ನನ್ನನ್ನು ಕಂಡರೆ ಅವನು ಈಗ ಓಣಿ ಬದಲಿಸುತ್ತಾನೆ. ಹಲಗೆ ಕೊಳ್ಳುತ್ತೇವೆ ಅಂದಿದ್ದ ಸವದತ್ತಿಯವರು ಪೇಟೆಂಟು ಆದ ಮೇಲೆ ನೋಡೋಣ ಅಂದರು. ಮೈಗೆ ಹುಷಾರಿಲ್ಲವೇನು ನಿನಗೆ?

ಮಡಿವಾಳೆಪ್ಪ


ಬೈಲಹೊಂಗಲ
22 ಮೇ 1976

ಪರಪ್ಪಾ,

ಸಾಹೇಬರು ಬೈದರು ಅಂತ ಸಿಟ್ಟೇ? ಆ ಸಿಟ್ಟನ್ನು ನನ್ನ ಹೊಟ್ಟೆಯ ಮೇಲೆ ತೀರಿಸುತ್ತೀಯಾ? ದೇವಕ್ಕನಿಗೆ ನನ್ನ ಕಾಗದ ಓದಿ ತೋರಿಸಿದೆ, ಇದರಲ್ಲಿ ತಪ್ಪೇನಿದೆ ಹೇಳು ಅಂತ. ಅವಳು ಅರ್ಧ ಕೇಳಿ ಎದ್ದು ಒಳಗೆ ಹೋದಳು. "ಇದನ್ನ ಕಳಿಸೀರೇನ್ರಿ?" ಅಂತ ಒಳಗಿನಿಂದ ಕೇಳಿದಳು.

ಒಂದು ಸಾಲು ಬರೆ.

ಮಡಿವಾಳೆಪ್ಪ


ಮುಂಬಯಿ
10 ಜೂನ್ 1976

ಮಡಿವಾಳೆಪ್ಪ,

ನಿನ್ನ ಮೂರೂ ಕಾಗದ ಬಂದಿವೆ. ಮೊದಲನೆಯದನ್ನು ನಾನು ಸಾಹೇಬರಿಗೆ ಇಂಗ್ಲಿಷಿಗೆ ತಿರುಗಿಸಿ ಹೇಳಬೇಕಿತ್ತು. ನಾಲ್ಕು ಸಲ ಅವರ ಬಾಗಿಲಿಗೆ ಹೋಗಿ ತಿರುಗಿ ಬಂದೆ.

ನಿನಗೆ ಒಂದು ಸಂಗತಿ ಹೇಳುತ್ತೇನೆ. 1972ರ ದೀಪಾವಳಿಗೆ ಊರಿಗೆ ಬಂದಾಗ ಅವ್ವ ಅಂದಳು: "ಈ ಶ್ರಾವಣದಾಗ ನಡುವನ ಪುರಾಣ ಕೇಳಸೂದು ನಿಂತು ಬಿಡ್ತೋ ತಮ್ಮಾ. ಸ್ವಾಮಿಗಳು ದನಿ ತಗ್ಗಿಸ್ಯಾರೋ, ನನ್ನ ಕಿವಿ ಹೋಗ್ಯಾವೋ." ನಾನು ಅವಳನ್ನು ಬೆಳಗಾವಿಗೆ ಕರೆದುಕೊಂಡು ಹೋಗಿ ಕಿವಿಯ ಡಾಕ್ಟರಿಗೆ ತೋರಿಸಿದೆ. ಕಿವಿ ಚೆನ್ನಾಗಿವೆ ಎಂದರು. ನಾನು ಡಾಕ್ಟರನ್ನೇ ಬೈದುಕೊಂಡು ಬಂದೆ. ಮರುವರ್ಷ ನಿನ್ನ ಅರ್ಜಿಯಲ್ಲಿ "ಒಳಗಿನ ದನಿ ಹೊರಗೆ ಹೋಗದು" ಎಂದು ನಾನೇ ಟೈಪು ಮಾಡಿದೆ. ಹೆಮ್ಮೆಯಿಂದ ಮಾಡಿದೆ. ಆಗಲೂ ಹೊಳೆಯಲಿಲ್ಲ. ಕಂಡಿಯನ್ನೂ ಮುಚ್ಚಿದೆ ಎಂದು ನೀನು ಬರೆದಾಗ ಹೊಳೆಯಿತು.

ನಿನ್ನ ಮೇಲೆ ಸಿಟ್ಟು ಬಂದಿದೆ. ಅದನ್ನು ಸುತ್ತುಬಳಸಿ ಹೇಳಲು ನನಗೆ ಮನಸ್ಸಿಲ್ಲ. ನನ್ನ ಅವ್ವ ಹೊರಗೆ ಕೂತದ್ದು ನಿನಗೆ ಕಾಣುತ್ತಿತ್ತು, ಆದರೆ ನಿನ್ನ ಕೆಲಸಕ್ಕೆ ಬರುವತನಕ ಅದರ ಮಾತು ನಿನ್ನ ಬಾಯಿಂದ ಬರಲಿಲ್ಲ.

ಸಾಹೇಬರಿಗೆ ಕೊನೆಗೂ ಹೇಳಿದೆ. ಅವರು ಎರಡು ಅಫಿಡವಿಟ್ಟು ಬರೆಸಿಕೊಟ್ಟಿದ್ದಾರೆ, ಇದರೊಳಗೆ ಇವೆ. ಮೊದಲನೆಯದು: ಮಂಟಪ ಎಲ್ಲರಿಗೂ ತೆರೆದದ್ದಲ್ಲ, ನಮ್ಮ ಕೇರಿಯವರಿಗೆ ಪ್ರವೇಶವಿಲ್ಲ. ಇದಕ್ಕೆ ಸಹಿ ಮಾಡಿದರೆ ಪೇಟೆಂಟು ಉಳಿಯುವ ಆಸೆ ಸ್ವಲ್ಪ ಇದೆ. ಆದರೆ ಹಾಗೆ ತಡೆಯುವುದು ಅಪರಾಧ, ಆ ಕಾಗದ ಮಠದವರ ಕೊರಳಿಗೆ ಬರುತ್ತದೆ. ಎರಡನೆಯದು: ಮಂಟಪ ಎಲ್ಲರದು, ಯಾರು ಬೇಕಾದರೂ ಒಳಗೆ ಬಂದು ಕೂಡಬಹುದು. ಇದಕ್ಕೆ ಸಹಿ ಮಾಡಿದರೆ ಪೇಟೆಂಟು ಹೋಯಿತು. ಯಾವುದಕ್ಕೆ ಸಹಿ ಮಾಡಿದರೂ ನಿನ್ನದೊಂದೇ ಸಾಕು. ಮಠದವರದೂ ಇದ್ದರೆ ಗಟ್ಟಿ.

ಯಾವುದನ್ನು ಕಳಿಸಿದರೂ ನಾನು ತಪ್ಪಿಲ್ಲದೆ ಟೈಪು ಮಾಡಿ ಮುಂದಕ್ಕೆ ಕಳಿಸುತ್ತೇನೆ. ಅದು ನನ್ನ ಕೆಲಸ.

ಜಯಭೀಮ.
ಪರಪ್ಪ


ಬೈಲಹೊಂಗಲ
2 ಜುಲೈ 1976

ಪರಪ್ಪಾ,

ನಿನ್ನ ಕಾಗದ ಬಂದ ಮೇಲೆ ನಾನು ಸರಿಯಾಗಿ ಉಂಡಿಲ್ಲ. ಮೊದಲ ಕಾಗದಕ್ಕೆ ಸಹಿ ಮಾಡಲು ಎರಡು ಸಲ ಪೆನ್ನು ತೆಗೆದೆ. ಸುಳ್ಳು ಹೇಳಲಾರೆ, ಈಗಲೂ ಕೈ ಆ ಕಡೆಗೇ ಜಗ್ಗುತ್ತಿದೆ. ಅದರಲ್ಲಿ ಬರೆದದ್ದೆಲ್ಲ ನಿಜವೇ. ಕೋರ್ಟಿನಲ್ಲಿ ನಿಜ ಹೇಳಿದರೆ ನನಗೆ ಲಾಭ. ಇಂಥ ಯೋಗ ಎಷ್ಟು ಜನಕ್ಕೆ ಬರುತ್ತದೆ?

ನಿನ್ನೆ ಊರಿಗೆ ಹೋಗಿ ನಿಮ್ಮ ಮನೆ ಹುಡುಕಿದೆ. ಹುಡುಕಬೇಕಾಯಿತು ನೋಡು. ಕೆಂಪವ್ವ ಕಟ್ಟೆಯ ಮೇಲೆ ಹೆಸರುಕಾಳು ಹಸನು ಮಾಡುತ್ತಿದ್ದಳು. "ಬರ್ರಿ ಯಪ್ಪಾ, ಕುಂದರ್ರಿ. ನಮ್ಮ ಪರಪ್ಪಗ ಏನರ ಆತೇನ್ರಿ?" ಅಂತ ಗಾಬರಿಯಾದಳು. ಏನೂ ಇಲ್ಲ ಅಂದೆ. ಹೊರಗೆ ಕೂತರೆ ಏನು ಕೇಳಿಸುತ್ತಿತ್ತು ಅಂತ ಕೇಳಿದೆ.

"ಎಲ್ಲಾ ಕೇಳಸ್ತಿತ್ರಿ. ಆ ರಾಣಿ ಮಗನ್ನ ಹುಡುಕ್ಕೋತ ಅಡವಿಗೆ ಹೋಗಿದ್ಲಲ್ರಿ, ಅಲ್ಲೀತನಕಾ ಕೇಳೇನಿ. ಮುಂದಿನ ವಾರದಿಂದ ಏನೂ ಕೇಳಸಲಿಲ್ಲ." ಕಾಳಿನ ಮೊರ ಕೆಳಗಿಟ್ಟಳು. "ನೀವು ಒಳಗ ಇದ್ರೆಲ್ಲ. ಮಗ ಸಿಕ್ಕನೇನ್ರಿ?"

ನನಗೆ ಗೊತ್ತಿಲ್ಲ, ಪರಪ್ಪಾ. ಆ ಶ್ರಾವಣ ಪೂರ್ತಿ ಒಳಗೇ ಇದ್ದೆ, ದನಿ ಒಡೆಯುತ್ತದೋ ಇಲ್ಲವೋ ಅಂತ ಛತ್ತನ್ನೇ ನೋಡುತ್ತ ಕೂತಿದ್ದೆ. ಕಥೆಯ ಒಂದು ಮಾತೂ ನನ್ನ ತಲೆಯಲ್ಲಿ ಇಲ್ಲ. ನಾಚಿಕೆಯಿಂದ ನೆಲ ನೋಡಿದೆ. ನಾನು ಸುಮ್ಮನಿದ್ದದ್ದನ್ನು ನೋಡಿ ಅವಳು ಮಗ ಸಿಗಲಿಲ್ಲ ಅಂತ ತಿಳಿದು, "ಪಾಪ" ಅಂದಳು.

ಅಲ್ಲಿಂದ ಎದ್ದು ನೆಟ್ಟಗೆ ಮಠಕ್ಕೆ ಹೋದೆ. ಕಾರಭಾರಿ ಬಸಯ್ಯನವರ ಮುಂದೆ ಎರಡೂ ಕಾಗದ ಇಟ್ಟು, ಕನ್ನಡದಲ್ಲಿ ಬಿಡಿಸಿ ಹೇಳಿದೆ. ಮೊದಲನೆಯದು ಕೇಳಿ ಅವರ ಮುಖ ಸುಣ್ಣವಾಯಿತು.

"ತಲಿ ನೆಟ್ಟಗೈತೇನ ನಿಂದು? ಇಂಥಾದ್ದು ಬರಕೊಟ್ರ ಈಗಿನ ದಿನಮಾನದಾಗ ನಾಳೇನ ಪೋಲೀಸರು ಬಂದು ನಿಲ್ಲತಾರ! ಇದು ಎಲ್ಲಾರ ಮಠ. ನಾವು ಯಾರ್ನ ತಡದೇವಿ?"

"ಹಂಗಾರ ಕೆಂಪವ್ವ ಹೊರಗ್ಯಾಕ ಕುಂದರತಾಳ್ರಿ?"

"ಅಕಿ ಖುಷಿ. ಅಲ್ಲಿ ಗಾಳಿ ಚಲೋ ಬರತೈತಿ, ಕುಂದರತಾಳ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತಾರಲ್ಲ, ಹಾಗಾಯಿತು. ಎರಡನೆಯದನ್ನು ಮುಂದೆ ಸರಿಸಿ, "ಹಂಗಾರ ಇದಕ್ಕ ಸಹಿ ಮಾಡ್ರಿ" ಅಂದೆ. ನನ್ನ ಪೆನ್ನನ್ನೇ ಕಸಿದುಕೊಂಡು ಮಾಡಿದರು. ಮಠದ ಮುದ್ರೆಯನ್ನೂ ಒತ್ತಿದರು. ಅದರ ಕೆಳಗೆ ನಾನು ಮಾಡಿದೆ.

ಇದರೊಳಗೆ ಎರಡನೆಯದು ಇದೆ. ಮೊದಲನೆಯದನ್ನು ದೇವಕ್ಕ ಒಲೆಗೆ ಹಾಕಿದಳು.

ಮಡಿವಾಳೆಪ್ಪ


ಮುಂಬಯಿ
17 ಜುಲೈ 1976

ಮಡಿವಾಳೆಪ್ಪ,

ಅಫಿಡವಿಟ್ಟು ಬಂತು. ಸಾಹೇಬರು ಅರ್ಜಿಯನ್ನು ಹಿಂದಕ್ಕೆ ತೆಗೆದುಕೊಂಡರು. ಇನ್ನು ನಿನ್ನ ಹಲಗೆಯನ್ನು ಯಾರು ಬೇಕಾದರೂ ಮಾಡಬಹುದು. ಹುಬ್ಬಳ್ಳಿಯವರು ಮಾಡಿಯೇ ಮಾಡುತ್ತಾರೆ. ನೀನೂ ನಿಲ್ಲಿಸಬೇಡ.

ಬಸಯ್ಯನವರ ಸಹಿ ಇರುವ ಕಾಗದದ ಒಂದು ನಕಲನ್ನು ನಾನು ಇಟ್ಟುಕೊಂಡಿದ್ದೇನೆ. ಅವ್ವನಿಗೆ ಕಾಗದ ಬರೆದು, ಒಳಗೆ ಹೋಗು, ಯಾರೂ ತಡೆಯುವಂತಿಲ್ಲ ಎಂದೆ. "ಕಾಗದ ಹೇಳ್ತು ಅಂತ ನಾ ಹೋಗೂದಿಲ್ಲ. ಯಾರರ ಕರದ್ರ ನೋಡತೇನಿ" ಎಂದು ಲಗಮಣ್ಣನ ಕೈಯಲ್ಲಿ ಬರೆಸಿದ್ದಾಳೆ.

ಶ್ರಾವಣ ಹತ್ತಿರ ಬಂತು.

ಪರಪ್ಪ


ಬೈಲಹೊಂಗಲ
4 ಆಗಸ್ಟ್ 1976

ಪರಪ್ಪಾ,

ರಾಮದುರ್ಗದ ಟಾಕೀಜಿನವರು ಹುಬ್ಬಳ್ಳಿ ಹಲಗೆ ತರಿಸಿದರಂತೆ. ಹೊಟ್ಟೆ ಉರಿಯುತ್ತಿದೆ, ಇಲ್ಲ ಅಂದರೆ ನಂಬಬೇಡ. ಮಿಲ್ಲಿನವರು ಕೆಲಸಕ್ಕೆ ಮರಳಿ ಕರೆಯುತ್ತಾರೋ ಕೇಳಬೇಕು.

ಮೊನ್ನೆ ಮೊದಲ ಸೋಮವಾರ. ಸಂಜೆ ದೇವಕ್ಕನನ್ನೂ ಕರೆದುಕೊಂಡು ನಿಮ್ಮ ಮನೆಗೆ ಹೋದೆ. ಕೆಂಪವ್ವ ನನ್ನನ್ನು ನೋಡಿದಳು, ದೇವಕ್ಕನನ್ನು ನೋಡಿದಳು, ಒಳಗೆ ಹೋಗಿ ಹೊಸ ಇಳಕಲ್ ಸೀರೆ ಉಟ್ಟುಕೊಂಡು ಬಂದಳು. ಮಂಟಪದ ಬಾಗಿಲಲ್ಲಿ ಬಸಯ್ಯನವರು ನಿಂತಿದ್ದರು. ಬಾಯಿ ತೆರೆದರು. ನಾನು "ಗಾಳಿ ಒಳಗೂ ಚಲೋ ಬರತೈತ್ರಿ" ಅಂದೆ. ಬಾಯಿ ಮುಚ್ಚಿದರು.

ನಡುವೆ ಹೋಗಿ ಕೂತೆವು. ದೇವಕ್ಕ ಅವಳ ಈ ಕಡೆ, ನಾನು ಆ ಕಡೆ. ಹಿಂದಿನವರು ಎದ್ದು ಗೋಡೆಗೆ ಹೋದರು. ಕೆಲವರು ಮನೆಗೇ ಹೋದರು, ನನ್ನ ದೊಡ್ಡಪ್ಪನ ಮಗನೂ ಅವರಲ್ಲಿದ್ದ. ಮುಂದಿನ ಸಾಲಿನ ದೊಡ್ಡ ಮಂದಿ ಮಾತ್ರ ಅಲುಗಾಡಲಿಲ್ಲ. ರುಮಾಲು ಸುತ್ತಿದ ತಲೆಗಳನ್ನು ಗೋಡೆಯಂತೆ ಕಟ್ಟಿಕೊಂಡು, ನಮ್ಮ ಕಡೆ ತಿರುಗದೆ ಕೂತಿದ್ದರು. ಸ್ವಾಮಿಗಳು ಪುರಾಣ ಬಿಚ್ಚಿದರೂ ಶುರು ಮಾಡಲಿಲ್ಲ. ಇವಳನ್ನು ಯಾಕಾದರೂ ಕರೆತಂದೆನೋ, ಎಲ್ಲರ ಮುಂದೆ ಏನಾಗುತ್ತದೋ ಅಂತ ಹೆದರಿದೆ.

ಆಗ ಕೆಂಪವ್ವ ಅಂದಳು: "ಸ್ವಲ್ಪ ಸರೀರಿ. ಸ್ವಾಮಿಗಳ ಮಾರಿ ಕಾಣವಲ್ದು."

ಮೆಲ್ಲಗೇ ಅಂದಳು, ಪರಪ್ಪಾ. ಆದರೆ ಆ ಛತ್ತಿನ ಕೆಳಗೆ ಯಾರ ದನಿಯೂ ಒಡೆಯುವುದಿಲ್ಲ. ಗದ್ದುಗೆಯ ಮೇಲಿದ್ದ ಸ್ವಾಮಿಗಳಿಗೂ ಬಾಗಿಲಲ್ಲಿದ್ದ ಬಸಯ್ಯನವರಿಗೂ ಒಂದೊಂದು ಅಕ್ಷರ ಕೇಳಿತು. ಸ್ವಾಮಿಗಳು ತಲೆ ಎತ್ತಿ ಮುಂದಿನ ಸಾಲನ್ನು ನೋಡಿದರು.

ಮುಂದಿನ ಸಾಲಿನವರು ಸರಿದರು.

ನಿನ್ನ
ಮಡಿವಾಳೆಪ್ಪ